ಕಂಡಿಗೆ ಕಟ್ಟಿದ ಕೋವಿ

ನಾನು ಮದುವೆಯಾಗಿ ಹೊಳೆ ದಾಟಿ ಬಂದಾಗ ಕೊಡಗು ಇನ್ನೂ ತಾನೇ ಒಂದು ರಾಜ್ಯ. ಕುಶಾಲನಗರದ ಸೇತುವೆಯ ಆಚೆ ಮೈಸೂರು, ಈಚೆ ಕೊಡಗು. ಹಾಸನದ ಕಡೆಯ ನನ್ನ ತೌರೂರಿನಲ್ಲಿ ಕೋವಿ ಇದ್ದವನು ಊರಿಗೊಬ್ಬ ಸಿಕ್ಕರೆ ಹೆಚ್ಚು. ಅವನೂ ಲೈಸೆನ್ಸಿಗೆ ಅಲೆದು ಅಲೆದು ಸುಸ್ತಾದವನು. ಇಲ್ಲಿ ನೋಡಿದರೆ ಕೊಡವರ ಪ್ರತಿ ಮನೆಯ ಗೋಡೆಯಲ್ಲೂ ಕೋವಿ. ಅದಕ್ಕೊಂದು ಹಬ್ಬ, ಅದಕ್ಕೊಂದು ಹೂವು, ಅದಕ್ಕೊಂದು ಮರ್ಯಾದೆ. ಹೊಸ ಸೊಸೆಯಾದ ನನಗೆ ಆ ಮರ್ಯಾದೆಯ ಅರ್ಧವೂ ಸಿಕ್ಕಿರಲಿಲ್ಲ ಎಂದು ಆಗಲೇ ಅನಿಸಿತ್ತು.

ನಮ್ಮ ಮನೆ ಇದ್ದದ್ದು ಕುಶಾಲನಗರದಿಂದ ಮೇಲೆ, ಗದ್ದೆಬಯಲು ಮುಗಿದು ಕಾಫಿ ತೋಟ ಶುರುವಾಗುವ ಕಡೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಒಂದು ಜೊತೆ ಎತ್ತು, ಒಂದು ಕರೆಯುವ ಹಸು. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೈಸೂರು ಕಡೆಯಿಂದ ಇಲ್ಲಿಗೆ ಬಂದವರು. ಊರಲ್ಲಿ ಯಾರೂ ಒಂಟಿ ಹೆಂಗಸಿಗೆ ಭೂಮಿ ಮಾರಲು ಒಪ್ಪದೆ ಇದ್ದಾಗ ಗುಡ್ಡದ ಮೇಲಿನ ಕೊಡವರ ಮನೆಯ ಯಜಮಾನಿ, ಎಲ್ಲರೂ ದೊಡ್ಡವ್ವ ಎಂದು ಕರೆಯುತ್ತಿದ್ದವರು, ತಮ್ಮ ಗದ್ದೆಯ ಕೆಳಗಿನ ತುಂಡನ್ನು ಮಾರಿದ್ದರಂತೆ. ಆ ಋಣವನ್ನು ಅತ್ತೆ ದಿನಕ್ಕೊಮ್ಮೆಯಾದರೂ ನೆನೆಯುತ್ತಿದ್ದರು. ದೊಡ್ಡವ್ವನ ಮಗ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತಿಯಾಗಿ ಬಂದು ಗದ್ದೆ ನೋಡಿಕೊಳ್ಳುತ್ತಿದ್ದರು. ನೆಟ್ಟಗಿನ ಬೆನ್ನು, ಗಿರಿಜಾ ಮೀಸೆ, ಹೇಳಿದ ಮಾತಿಗೆ ಹೇಳಿದ ಹೊತ್ತಿಗೆ ತಪ್ಪದವರು ಎಂದು ಹೆಸರು. ನಮ್ಮ ಜಗಳ ನಡೆದದ್ದು ಇವರ ಜೊತೆ.

ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ಎಲ್ಲಿಂದಲೋ ಗುಂಡಿನ ಸದ್ದು ಕೇಳಿ ನಾನು ಕೈಲಿದ್ದ ಚೊಂಬನ್ನು ಎತ್ತಿಹಾಕಿದ್ದೆ. ಅತ್ತೆ ಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟು, "ಒಂದೇ. ಯಾರ ಮನೇಲೋ ಗಂಡು ಮಗು ಆಯ್ತು" ಎಂದರು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು. ಎರಡು ಕೇಳಿದ ಕೂಡಲೇ ಊರಿನ ಮನೆಮನೆಯಿಂದ ಒಬ್ಬರಾದರೂ ಕೈಲಿದ್ದ ಕೆಲಸ ಬಿಟ್ಟು ಆ ಮನೆಗೆ ನಡೆಯಬೇಕು. ಯಾರೂ ಬಂದು ಹೇಳುವುದಿಲ್ಲ, ಯಾರೂ ಕರೆಯುವುದಿಲ್ಲ. "ಹೆಣ್ಣು ಹುಟ್ಟಿದ್ರೆ ಏನು ಹಾರಿಸ್ತಾರೆ?" ಎಂದು ನಾನು ಕೇಳಿದೆ. ಅತ್ತೆ ದುರುಗುಟ್ಟಿಕೊಂಡು ನೋಡಿದರು. ನನ್ನ ಬಾಯಿ ಆಗಲೂ ಹೀಗೇ.

ಆ ವರ್ಷ ಭತ್ತ ತೆನೆ ತುಂಬಿ ಬಾಗುವ ಹೊತ್ತಿಗೆ ಕಾಡುಹಂದಿಗಳ ಕಾಟ ವಿಪರೀತವಾಯಿತು. ಒಂದು ಇಳಿದರೆ ಸಾಕು, ತಿಂದದ್ದಕ್ಕಿಂತ ತುಳಿದು ಹೊರಳಾಡಿ ಕೆಡಿಸಿದ್ದೇ ಹೆಚ್ಚು. ಸುಬೇದಾರರ ಮೇಲಿನ ಗದ್ದೆಯ ಸುತ್ತ ಒಳ್ಳೆಯ ಮುಳ್ಳುಬೇಲಿ ಇತ್ತು. ಆ ಬೇಲಿಗೆ ಒಂದೇ ಒಂದು ಕಂಡಿ. ಆ ಕಂಡಿಯಲ್ಲಿ ನುಸುಳಿ ಹೋದರೆ ನೀರು ಹರಿಯುವ ತೋಡು. ನಮ್ಮ ಮನೆಗೆ ನೀರು, ದನಕ್ಕೆ ನೀರು, ಬಟ್ಟೆ ಒಗೆಯುವುದು ಎಲ್ಲಾ ಆ ತೋಡಿನಿಂದಲೇ. ಅತ್ತೆ ಬಂದ ಕಾಲದಿಂದ ಅದೇ ದಾರಿ. ಹಂದಿಗಳೇನು ದಡ್ಡವೇ? ಅವೂ ಅದೇ ಕಂಡಿಯಲ್ಲಿ ಬರತೊಡಗಿದವು.

ಸುಬೇದಾರರು ಅಲ್ಲಿ ಕೋವಿ ಕಟ್ಟಿದರು. ಕಂಡಿಗೆ ಅಡ್ಡವಾಗಿ, ಹಂದಿಯ ಎತ್ತರಕ್ಕೆ ಒಂದು ತೆಳು ಹುರಿ. ಹುರಿಯ ತುದಿ ಪೊದೆಯೊಳಗೆ ಗೂಟಕ್ಕೆ ಬಿಗಿದಿಟ್ಟ ಕೋವಿಯ ಕುದುರೆಗೆ. ಏನಾದರೂ ಹುರಿಗೆ ತಾಗಿತೋ, ಕುದುರೆ ಎಳೆದು ಗುಂಡು ಹಾರುತ್ತದೆ. ಹಂದಿಯ ಎತ್ತರ ಎಂದರೆ ಮನುಷ್ಯರ ಮೊಣಕಾಲು. ಸಂಜೆ ಕಟ್ಟುತ್ತೇನೆ, ಬೆಳಿಗ್ಗೆ ಬಿಚ್ಚುತ್ತೇನೆ ಎಂದು ಅವರು ನನ್ನ ಗಂಡನಿಗೆ ಹೇಳಿ ಕಳಿಸಿದ್ದರು. ನನ್ನ ಗಂಡ ತಲೆಯಾಡಿಸಿ ಬಂದಿದ್ದರು. ತಲೆಯಾಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ನನಗೆ ಸಂಕಟ ಶುರುವಾದದ್ದು ಅತ್ತೆಯ ಕಣ್ಣಿನಿಂದ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಎದುರಿಗೆ ನಿಂತವರ ಆಕಾರ ತಿಳಿಯುತ್ತಿತ್ತು, ಅಷ್ಟೆ. ಅಡ್ಡ ಕಟ್ಟಿದ ಹುರಿ ಅವರಿಗೆ ಈ ಜನ್ಮದಲ್ಲಿ ಕಾಣಲಾರದು. ಆದರೂ ದಿನಾ ಬೆಳಿಗ್ಗೆ ಹಸುವಿನ ಹಗ್ಗ ಹಿಡಿದು ತೋಡಿಗೆ ಹೋಗುವುದನ್ನು ಅವರು ಬಿಡಲು ತಯಾರಿರಲಿಲ್ಲ. ನಾನು ಹೋಗುತ್ತೇನೆ ಎಂದರೆ, "ನೀನು ಬರೋಕ್ಕೆ ಮುಂಚೆ ನಮ್ಮನೆ ಹಸ ನೀರು ಕುಡೀತಿರ್ನಿಲ್ವಾ?" ರಸ್ತೆ ಬಳಸಿ ಹೋಗಿ ಎಂದರೆ, "ದೊಡ್ಡವ್ವ ಕೊಟ್ಟ ದಾರಿ ಬಿಟ್ಟು ನಾನ್ಯಾಕೆ ಊರು ಸುತ್ತಲಿ?" ಅವರಿಗೂ ನನಗೂ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ. ಅಡುಗೆಗೆ ಉಪ್ಪು ಹಾಕುವುದರಿಂದ ಹಿಡಿದು ಬೆರಣಿ ತಟ್ಟುವವರೆಗೆ ನಮ್ಮಿಬ್ಬರಿಗೂ ಆಗಿಬರುತ್ತಿರಲಿಲ್ಲ. ಆದರೆ ಅವರು ಬೆಳಿಗ್ಗೆ ಹಸು ಹೊಡೆದುಕೊಂಡು ಹೊರಟ ಮೇಲೆ ವಾಪಸು ಬರುವ ತನಕ ನನಗೆ ಜೀವ ಕೈಯಲ್ಲಿ ಇರುತ್ತಿತ್ತು.

ಕೊನೆಗೆ ನಾನೇ ಹೋಗಿ ಸುಬೇದಾರರ ಅಂಗಳದಲ್ಲಿ ನಿಂತೆ. ಹೊಸ ಸೊಸೆ ಒಬ್ಬಳೇ ಹೋಗಿ ಗಂಡಸರ ಹತ್ತಿರ ಮಾತಾಡಿದ್ದು ಆಮೇಲೆ ಊರಿಗೆಲ್ಲಾ ಸುದ್ದಿಯಾಯಿತು. ಆಗಲಿ ಬಿಡಿ ಎಂದುಕೊಂಡೆ.

"ಸುಬೇದಾರ್ರೇ, ಆ ಕಂಡೀಲಿ ಕೋವಿ ಕಟ್ಟಬೇಡಿ. ನಮ್ಮತ್ತೆಗೆ ಕಣ್ಣು ಕಾಣಲ್ಲ."

ಅವರು ಸಿಡುಕಲಿಲ್ಲ. ಕುರ್ಚಿ ತೋರಿಸಿ ಕೂರಲು ಹೇಳಿದರು. ನಾನು ಕೂರಲಿಲ್ಲ.

"ನೋಡಿ ಅಮ್ಮ, ಗದ್ದೆ ನನ್ನದು, ಬೇಲಿ ನನ್ನದು. ಹಂದಿ ತಿಂದ್ರೆ ವರ್ಷದ ಅನ್ನ ಹೋಯ್ತು. ಬೆಳಿಗ್ಗೆ ಬಿಸಿಲು ಬೀಳುವ ಮೊದ್ಲು ನಾನೇ ಬಂದು ಬಿಚ್ತೇನೆ. ಒಂದು ದಿನ ತಪ್ಪಿದ್ದುಂಟಾ?"

"ಒಂದಿನ ತಪ್ಪಿದ್ರೆ?"

"ತಪ್ಪುವುದಿಲ್ಲ."

"ನೀವು ಮನುಷ್ಯರಲ್ವಾ? ಜ್ವರ ಬರಲ್ವಾ? ನಿದ್ದೆ ಹತ್ತಲ್ವಾ?"

ಅವರ ಮುಖ ಕೆಂಪಾಯಿತು. "ಮಿಲಿಟ್ರಿಯಲ್ಲಿ ಇದ್ದವನಿಗೆ ನೀವು ಹೊತ್ತು ಹೇಳಿಕೊಡ್ಲಿಕ್ಕೆ ಬರ್ಬೇಡಿ. ನಿಮ್ಮ ಅತ್ತೆಯನ್ನು ಹಿಡಿದು ಇಡುವುದು ನಿಮ್ಮ ಕೆಲಸ" ಎಂದು ಒಳಗೆ ಹೋದರು. ಮನೆಗೆ ಬಂದರೆ ಅತ್ತೆಯದೂ ಬೈಗುಳ. ದೊಡ್ಡವ್ವನ ಮನೆ ಬಾಗಿಲಲ್ಲಿ ನಿಂತು ದನಿ ಏರಿಸಿದೆಯಾ ಎಂದು ಅತ್ತೆ ಅವತ್ತು ರಾತ್ರಿ ನನ್ನ ಕೈಯ ಊಟವನ್ನೇ ಮಾಡಲಿಲ್ಲ. ಗಂಡ ಗೋಡೆ ನೋಡಿಕೊಂಡು ಉಂಡರು.

ಅದಾದ ಕೆಲವು ದಿನಕ್ಕೆ ಒಂದು ದೊಡ್ಡ ಹಂದಿ ಗುಂಡಿನ ಪೆಟ್ಟು ತಿಂದೂ ತಪ್ಪಿಸಿಕೊಂಡು ಹೋಯಿತು. ಸುಬೇದಾರರಿಗೆ ಅದು ದೊಡ್ಡ ಅವಮಾನ. ಕಂಡಿಯ ಇನ್ನೊಂದು ಬದಿಗೆ ಎರಡನೆಯ ಕೋವಿ ಕಟ್ಟಿ, ಅದೇ ಹುರಿಗೆ ಸೇರಿಸಿದರು. ಮೊದಲನೆಯದು ಹಾರಿ ಅರೆಗಳಿಗೆ ಬಿಟ್ಟು ಎರಡನೆಯದು ಹಾರುವಂತೆ ಹುರಿಯನ್ನು ಸ್ವಲ್ಪ ಸಡಿಲ ಬಿಟ್ಟಿದ್ದರು. ಮುಂದಿನದು ತಪ್ಪಿದರೆ ಹಿಂದಿನದು ಹಿಡಿಯಬೇಕು ಎಂಬ ಲೆಕ್ಕ. ಇದನ್ನು ಅವರು ಬಹಳ ಹೆಮ್ಮೆಯಿಂದ ಎಲ್ಲರಿಗೂ ವಿವರಿಸಿದರು. ನನ್ನ ಗಂಡ ಮನೆಗೆ ಬಂದು, "ಏನು ತಲೆ ಅಂತೀಯಾ ಅವರದು!" ಎಂದರು. ನಾನು ಆವತ್ತು ಮುದ್ದೆ ಕೋಲನ್ನು ಎಸೆದದ್ದು ಗಂಡನ ಕಡೆಗಲ್ಲ ಎಂದು ಈಗಲೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ನಾನು ಪಟೇಲರ ಮನೆಗೂ ಹೋದೆ. ಪಟೇಲರು ಎರಡೂ ಕಡೆಯವರನ್ನು ಕಂಡಿಯ ಹತ್ತಿರ ಕರೆಸಿದರು. ದಾರಿ ಇರುವುದು ಹೌದು, ಹಂದಿ ಬರುವುದೂ ಹೌದು ಎಂದರು. ಬಿಸಿಲು ಬೀಳುವ ಮೊದಲು ಬಿಚ್ಚಬೇಕು, ಬಿಸಿಲು ಬೀಳುವ ಮೊದಲು ಯಾರೂ ಆ ದಾರಿಗೆ ಬರಬಾರದು ಎಂದು ತೀರ್ಮಾನ ಮಾಡಿದರು. ಸುಬೇದಾರರು ಎದೆ ಮುಟ್ಟಿ ಮಾತು ಕೊಟ್ಟರು. ಅತ್ತೆ ಅವರು ನಿಂತ ದಿಕ್ಕಿಗೆ ತಿರುಗಿ ಕೈಮುಗಿದರು. ಗಂಡ ತಲೆಯಾಡಿಸಿದರು. ಗೆದ್ದವಳು ನಾನು ಎಂದು ಎಲ್ಲರೂ ಹೇಳಿದರು. ನಾನು ಮಾತ್ರ ಮನೆಗೆ ಹೋಗುವಾಗ ಆ ಎರಡು ಗೂಟಗಳನ್ನು ತಿರುಗಿ ತಿರುಗಿ ನೋಡಿದೆ.

ಅಷ್ಟರಲ್ಲಿ ದೊಡ್ಡವ್ವ ಹಾಸಿಗೆ ಹಿಡಿದರು. ಮೊದಲು ಕೆಮ್ಮು, ಆಮೇಲೆ ಉಬ್ಬಸ. ಇವತ್ತೋ ನಾಳೆಯೋ ಎನ್ನುವಂತಾಯಿತು. ಗದ್ದೆಯಲ್ಲಿ ಬಾಗಿದವರು, ತೋಟದಲ್ಲಿ ಕೆಲಸ ಮಾಡುವವರು, ಎಲ್ಲರ ಕಿವಿಯೂ ಅವರ ಗುಡ್ಡದ ಮನೆಯ ಕಡೆಗೇ. ರಾತ್ರಿ ಗದ್ದೆ ಕಾಯುವವರು ಒಮ್ಮೊಮ್ಮೆ ಹಂದಿ ಬೆದರಿಸಲು ಗುಂಡು ಹೊಡೆಯುತ್ತಿದ್ದರು. ಆಗೆಲ್ಲ ಜನ ಎದ್ದು ಕೂತು ಎರಡನೆಯದಕ್ಕೆ ಕಾಯುತ್ತಿದ್ದರಂತೆ. ಬರದಿದ್ದರೆ ಮತ್ತೆ ಮಲಗುತ್ತಿದ್ದರಂತೆ.

ಆ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅತ್ತೆ ಹಸು ಹಿಡಿದುಕೊಂಡು ಹೊರಟಿದ್ದರು. ನಾನು ಕೊಟ್ಟಿಗೆ ಬಳಿಯುತ್ತಿದ್ದೆ, ಗಂಡ ಕಣದಲ್ಲಿ ಹಗ್ಗ ಹೊಸೆಯುತ್ತಿದ್ದರು. ಢಂ ಎಂದಿತು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು.

ನಾನು ಪೊರಕೆ ಹಿಡಿದು ಹಾಗೇ ನಿಂತೆ. ರಸ್ತೆಯ ಆಚೆ ಯಾರೋ, "ಹೋದ್ರಪ್ಪಾ ದೊಡ್ಡವ್ವ" ಎಂದು ಕೂಗಿದರು. ಆ ಕೂಗು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬಯಲಿನ ಕೊನೆಯ ತನಕ ಹೋಯಿತು. ಗದ್ದೆಯಲ್ಲಿದ್ದವರು ಕುಡುಗೋಲು ಬದುವಿನ ಮೇಲಿಟ್ಟು ಕೈಕಾಲು ತೊಳೆದುಕೊಂಡರು. ಗಂಡಸರು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಎಲ್ಲರ ಮುಖ ಗುಡ್ಡದ ಮನೆಯ ಕಡೆಗೆ. ನನ್ನ ಗಂಡನೂ ಹಗ್ಗ ಬಿಟ್ಟು ಎದ್ದರು.

"ಎಲ್ಲಿಗೆ?" ಎಂದೆ.

"ಕೇಳಿಸ್ಲಿಲ್ವಾ? ಎರಡು."

"ಕಂಡೀಲೂ ಎರಡು ಅವೆ! ನಿಮ್ಮವ್ವ ಅಲ್ಲಿಗೆ ಹೋಗವ್ರೆ!"

ಅವರು ಒಂದು ಗಳಿಗೆ ನಿಂತರು. ಆಮೇಲೆ, "ಬಿಸಿಲು ಬಿದ್ದದೆ. ಬಿಚ್ಚಿರ್ತಾರೆ ಕಣೆ. ಸಾವಿನ ಮನೆ, ಮೊದ್ಲು ಹೋಗದಿದ್ರೆ ಏನಂದುಕೊಂಡಾರು" ಎಂದು ಹೊರಟೇಬಿಟ್ಟರು. ನಾನು ಕಿರುಚಿದೆ. ದಾರಿಯಲ್ಲಿದ್ದ ಹೆಂಗಸರು ತಿರುಗಿ ನೋಡಿ, ಸತ್ತವರ ಮೇಲಿನ ಪ್ರೀತಿಗೆ ಕಿರುಚುತ್ತಿದ್ದಾಳೆ ಎಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. ಊರೆಲ್ಲ ಮೇಲಕ್ಕೆ ಹತ್ತುತ್ತಿತ್ತು. ನಾನೊಬ್ಬಳು ಅವರ ನಡುವೆ ನುಗ್ಗಿ ಅಡ್ಡಕ್ಕೆ, ಕಂಡಿಯ ಕಡೆಗೆ ಓಡಿದೆ. ಬದುವಿನಿಂದ ಜಾರಿ ಬಿದ್ದೆ, ಎದ್ದೆ, ಮತ್ತೆ ಓಡಿದೆ. ಬಾಯಲ್ಲಿ ದೇವರ ಹೆಸರಿರಲಿಲ್ಲ, ಬೈಗುಳ ಇತ್ತು.

ಕಂಡಿಯ ತುಂಬ ಇನ್ನೂ ಮದ್ದಿನ ಹೊಗೆ. ಹಸು ಅಡ್ಡ ಬಿದ್ದು ಕಾಲು ಝಾಡಿಸುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಅದೂ ನಿಂತುಹೋಯಿತು. ಮೊದಲ ಗುಂಡು ಮುಂದೆ ಹೋದ ಹಸುವಿಗೆ. ಎರಡನೆಯದು, ಹಗ್ಗ ಹಿಡಿದು ಹಿಂದೆ ಬಂದವರಿಗೆ. ಸುಬೇದಾರರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅತ್ತೆ ಬೇಲಿಗೆ ಒರಗಿ ಕೂತಿದ್ದರು. ಒಂದು ಕಾಲು ಮೊಣಕಾಲಿನ ಕೆಳಗೆ ಕಾಲಾಗಿ ಉಳಿದಿರಲಿಲ್ಲ. ಕೈಯಲ್ಲಿ ಹಗ್ಗ ಇನ್ನೂ ಹಾಗೇ ಇತ್ತು.

"ಎರಡು ಕೇಳ್ತು ಕಣಮ್ಮಿ" ಎಂದರು, ಬಹಳ ಮೆಲ್ಲಗೆ. "ನಾನೇ ಸತ್ತೆ ಅಂದ್ಕೊಂಡೆ."

ನನ್ನ ಸೀರೆ ಹರಿದು ಕಾಲಿಗೆ ಬಿಗಿದೆ. ಯಾರಾದರೂ ಬನ್ನಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಊರು ಅಷ್ಟು ಖಾಲಿಯಾಗಿದ್ದನ್ನು ನಾನು ಆಮೇಲೆ ಎಂದೂ ನೋಡಿಲ್ಲ. ಕೊನೆಗೆ ಅತ್ತೆಯನ್ನು ಬೆನ್ನಿಗೆ ಹೊತ್ತುಕೊಂಡೆ. ಜನ ಎಲ್ಲಿದ್ದಾರೋ ಅಲ್ಲಿಗೇ ಹೋಗಬೇಕು. ಆದ್ದರಿಂದ ನಾನೂ ಗುಡ್ಡದ ಮನೆಯ ಕಡೆಗೇ ಹತ್ತಿದೆ.

ಅಂಗಳದ ತುಂಬ ಜನ. ಹತ್ತಿರದ ಮನೆಗಳ ಕೊಡವರು ಬಿಳಿ ಉಟ್ಟು ಬಂದಿದ್ದರು. ಅಳುವವರಿಲ್ಲ, ಮಾತಾಡುವವರಿಲ್ಲ, ಎಲ್ಲರೂ ಪೆಚ್ಚಾಗಿ ನಿಂತಿದ್ದಾರೆ. ಜಗಲಿಯ ಮಂಚದಲ್ಲಿ ದಿಂಬಿಗೆ ಒರಗಿ ದೊಡ್ಡವ್ವ ಕೂತಿದ್ದರು, ಜೀವಂತ. ತಮ್ಮ ಸಾವಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಸುಬೇದಾರರು ಮೆಟ್ಟಿಲ ಮೇಲೆ ನಿಂತು, "ಯಾರು ಹೊಡ್ದದ್ದು? ನನ್ನ ಮನೆಯಿಂದ ಯಾರೂ ಗುಂಡು ಹೊಡೀಲಿಲ್ಲ!" ಎಂದು ಗದರುತ್ತಿದ್ದರು.

"ಸತ್ತವರನ್ನು ನೋಡೋಕ್ಕೆ ಬಂದಿದ್ದೀರಲ್ಲ" ಎಂದೆ. "ನೋಡಿ, ಇಲ್ಲಿ ಅವ್ರೆ."

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಸುಬೇದಾರರು ನನ್ನ ಸೀರೆ ನೋಡಿದರು, ಅತ್ತೆಯ ಕಾಲು ನೋಡಿದರು. ಆ ನೆಟ್ಟಗಿನ ಬೆನ್ನು ಒಮ್ಮೆಲೇ ಬಾಗಿಹೋಯಿತು. ಓಡಿಬಂದು ಅತ್ತೆಯನ್ನು ನನ್ನ ಬೆನ್ನಿನಿಂದ ಇಳಿಸಿಕೊಂಡು ಜಗಲಿಯಲ್ಲಿ ಮಲಗಿಸಿದರು. ನಾನು ಕಟ್ಟಿದ ಬಟ್ಟೆಯ ಮೇಲೆ ಇನ್ನೊಂದು ಬಿಗಿದರು. ಯುದ್ಧದಲ್ಲಿ ಕಲಿತ ಕೈ, ಚುರುಕಾಗಿತ್ತು.

"ಬಿಚ್ಚಲಿಲ್ಲ" ಎಂದರು. "ಬೆಳಿಗ್ಗೆ ಅವ್ವನಿಗೆ ಉಸಿರು ಕಟ್ಟಿತು. ಕೈ ಹಿಡ್ಕೊಂಡು ಕೂತೆ. ಬಿಸಿಲು ಬಿದ್ದದ್ದೇ ಗೊತ್ತಾಗ್ಲಿಲ್ಲ."

ಇವತ್ತು ಆ ಮಾತು ನೆನೆದರೆ ಅವರ ಮೇಲೆ ನನಗೆ ಕನಿಕರ ಬರುತ್ತದೆ. ಅವತ್ತು ಬರಲಿಲ್ಲ. "ನಿಮ್ಮವ್ವನ ಕೈ ಹಿಡ್ಕೊಂಡು ಕೂತ್ರಿ. ನಮ್ಮತ್ತೆ ಕಾಲು ಹೋಯ್ತು" ಎಂದೆ. ಯಾರೂ ನನ್ನನ್ನು ಸುಮ್ಮನಿರು ಎನ್ನಲಿಲ್ಲ.

ದೊಡ್ಡವ್ವ ಮಂಚದಿಂದ ತಮ್ಮ ಭಾಷೆಯಲ್ಲಿ ಮಾತಾಡಿದರು. ಅಷ್ಟು ಹೊತ್ತಿಗೆ ನನಗೆ ಕೊಡವ ಮಾತು ಅರ್ಥವಾಗುವಷ್ಟು ಬರುತ್ತಿತ್ತು. ಇನ್ನು ಈ ಮನೆಯ ಕೋವಿಯನ್ನು ಹುರಿಗೆ ಕಟ್ಟಕೂಡದು, ಹಿಡಿದು ನಿಲ್ಲುವುದಕ್ಕೆ ಆಗದಿದ್ದರೆ ಹಂದಿ ತಿಂದುಹೋಗಲಿ ಎಂದರು. ಆ ದಾರಿ ತಾನು ಆ ಹೆಂಗಸಿಗೆ ಕೊಟ್ಟದ್ದು, ಮಗನದಲ್ಲ ಎಂದರು. ಅಷ್ಟು ಹೇಳುವಷ್ಟರಲ್ಲಿ ಉಬ್ಬಸ ಬಂತು. ಅತ್ತೆಯನ್ನು ಡಾಕ್ಟರ ಹತ್ತಿರ ಬಿಟ್ಟು ಬಂದ ಮೇಲೆ ಸುಬೇದಾರರು ಎಲ್ಲರ ಎದುರು ಒಬ್ಬರೇ ಕಂಡಿಗೆ ಹೋಗಿ ಎರಡೂ ಕೋವಿ ಬಿಚ್ಚಿ ತಂದರು. ಆ ವರ್ಷ ಕುಯ್ಲು ಮುಗಿಯುವವರೆಗೆ ಬೇಲಿಯ ಹತ್ತಿರ ಅಟ್ಟಣೆ ಕಟ್ಟಿಸಿ ಚಳಿಯಲ್ಲಿ ತಾವೇ ಕೂತರು. ಪೊಲೀಸಿಗೆ ದೂರು ಕೊಡುವುದಾದರೆ ಕೊಡಿ, ನಾನು ತಡೆಯುವುದಿಲ್ಲ ಎಂದೂ ಹೇಳಿದ್ದರು. ಕೊಡಲೇಬೇಕು ಎಂದು ನಾನು ಹಟ ಹಿಡಿದೆ. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಕಾಲು ಕಳೆದುಕೊಂಡವರು ಅವರು, ಮಾತು ಅವರದೇ ನಡೆಯಿತು. ನನಗೆ ಅದು ಇವತ್ತಿಗೂ ಪೂರ್ತಿ ಸರಿ ಅನಿಸಿಲ್ಲ.

ಅವತ್ತು ಕುಶಾಲನಗರದ ಡಾಕ್ಟರ ಹತ್ತಿರ ಹೋಗಲು ಸುಬೇದಾರರೇ ಗಾಡಿ ಕಟ್ಟಿ, ಮುಂದೆ ಮೂಕಿಯ ಮೇಲೆ ಕೂತು ಎತ್ತು ಹೊಡೆದರು. ಹುಲ್ಲು ಹಾಸಿದ ಗಾಡಿಯಲ್ಲಿ ಅತ್ತೆ, ನನ್ನ ತೊಡೆಯ ಮೇಲೆ ಅವರ ತಲೆ. ನನ್ನ ಗಂಡ ಗಾಡಿಯ ಹಿಂದೆ ನಡೆದು ಬರುತ್ತಿದ್ದರು. ಹತ್ತಿ ಕೂರಿ ಎಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅತ್ತೆಯ ಮೈ ತಣ್ಣಗಾಗುತ್ತಿತ್ತು. ಮಾತಾಡಿಸುತ್ತಲೇ ಇರಿ, ನಿದ್ದೆ ಹೋಗಲು ಬಿಡಬೇಡಿ ಎಂದು ಸುಬೇದಾರರು ಹೇಳಿದ್ದರು. ಆದರೆ ಮೊದಲು ಮಾತಾಡಿದವರು ಅತ್ತೆಯೇ.

"ಗುಂಡು ಕೇಳಿದಾಗ ಇವನೆಲ್ಲಿದ್ದ?"

ಜೀವನದಲ್ಲಿ ನನ್ನ ಬಾಯಿ ತಡವರಿಸಿದ್ದು ಅದೊಂದೇ ಸಲ ಇರಬೇಕು. "ನಿಮ್ಮ ಹತ್ರಕ್ಕೇ ಓಡಿ ಬಂದ್ರು ಅತ್ತೆ, ನನ್ನ ಹಿಂದೇನೇ" ಎಂದೆ.

ಅತ್ತೆಯ ಪೊರೆ ಕಟ್ಟಿದ ಕಣ್ಣು ಮೇಲಕ್ಕೆ, ಆಕಾಶದ ಬೆಳಕಿನ ಕಡೆಗೆ ತೆರೆದಿತ್ತು.

"ಯಾಕೆ ಸುಳ್ಳು ಹೇಳ್ತೀಯಾ?" ಎಂದರು. "ಅವನು ಅಂಬೆಗಾಲಿಡೋವಾಗಿಂದ ಅವನು ಬರೋ ಸದ್ದು ನನಗೆ ಗೊತ್ತು. ಬಂದಿದ್ದು ನೀನೊಬ್ಬಳೇ."

ಸುಬೇದಾರರ ಕೈಯ ಚಾವಟಿ ಎತ್ತಿದ್ದು ಎತ್ತಿದಂತೆ ನಿಂತಿತು. ಹಿಂದಿನಿಂದ ನನ್ನ ಗಂಡ ಎರಡು ಹೆಜ್ಜೆ ಬೇಗ ಹಾಕಿ ಬಂದು ಗಾಡಿಯ ಹಲಗೆ ಹಿಡಿದುಕೊಂಡರು. ಕುಶಾಲನಗರ ಬರುವವರೆಗೂ ಆ ಹಲಗೆಯನ್ನು ಬಿಡದೆ, ತಲೆಯಾಡಿಸದೆ, ಅಳುತ್ತಾ ನಡೆದರು.